ಗುಳೆ ಹೋಗಿ ಬಂದವಳ ಕಾರ್ಡು

ಡಿ.ಎಡ್ ಕಾಲೇಜಿನಲ್ಲಿ ನಮಗೆ ಪಾಠಯೋಜನೆ ಬರೆಯುವುದನ್ನು ಚೆನ್ನಾಗಿ ಕಲಿಸಿದ್ದರು. ಪೂರ್ವಜ್ಞಾನ, ಉದ್ದೇಶ ಕಥನ, ಬೋಧನೆ, ಪುನರ್ಬಲನ, ಕೊನೆಗೆ ಮನೆಗೆಲಸ. ಮಿಂಚುಪಟ್ಟಿ, ಅಂದರೆ ಫ್ಲ್ಯಾಶ್ ಕಾರ್ಡು, ಬರೆಯುತ್ತಾ ರಾತ್ರಿಯೆಲ್ಲ ಕೂತಿದ್ದೂ ಉಂಟು. ಕಪ್ಪುಹಲಗೆಯ ಮೇಲೆ ದುಂಡಗೆ ಬರೆಯುವುದು, ಮಗುವಿನ ಮುಖ ನೋಡಿ ಪ್ರಶ್ನೆ ಕೇಳುವುದು, ಎಲ್ಲ ನನಗೆ ಅಲ್ಲೇ ಬಂದದ್ದು. ಆ ತರಬೇತಿಯ ಮೇಲೆ ಇವತ್ತಿಗೂ ಗೌರವ ಇದೆ. ಆದರೆ ನಾವು ಬರೆದ ಪಾಠಯೋಜನೆಗಳಲ್ಲಿ ಎಲ್ಲ ಮಕ್ಕಳೂ ದಿನಾ ಶಾಲೆಗೆ ಬರುತ್ತಿದ್ದರು.

ಹಾಸನದ ಕಡೆಯವನಾದ ನನಗೆ ಕೆಲಸ ಸಿಕ್ಕಿದ್ದು ರಾಯಚೂರು ಜಿಲ್ಲೆಯಲ್ಲಿ. ಅಲ್ಲಿ ಕಾಲುವೆ ನೀರು ಬರುವ ಕಡೆ ಭತ್ತ, ಬರದ ಕಡೆ ಮಳೆ ನಂಬಿಕೊಂಡ ತೊಗರಿ, ಸಜ್ಜೆ. ನಮ್ಮ ಶಾಲೆಯ ಊರಿಗೆ ಕಾಲುವೆ ಇಲ್ಲ. ದೀಪಾವಳಿ ಕಳೆದರೆ ಮನೆಗಳಿಗೆ ಬೀಗ ಬೀಳುತ್ತಿತ್ತು. ಕೂಲಿ ಹುಡುಕಿಕೊಂಡು ಬೆಂಗಳೂರು, ಪುಣೆ, ಗೋವಾ. ಅಪ್ಪ ಅಮ್ಮನ ಜೊತೆ ಮಕ್ಕಳೂ ಗುಳೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಬಿಟ್ಟು ಬಂದ ಮಗುವಿಗೆ ಯಾವ ಪಾಠದಿಂದ ಶುರು ಮಾಡಬೇಕು? ಕಾಲೇಜಿನ ನೋಟ್ಸಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಅಷ್ಟರಲ್ಲಿ ನಲಿ-ಕಲಿ ಬಂತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಪುಸ್ತಕದ ಬದಲು ಕಾರ್ಡು, ಯಾವ ಕಾರ್ಡಿನ ನಂತರ ಯಾವುದು ಅಂತ ಚಿತ್ರಗಳಲ್ಲಿ ತೋರಿಸುವ, ಮಗು ತನ್ನ ವೇಗದಲ್ಲೇ ಹತ್ತುವ ಕಲಿಕಾ ಏಣಿ ಗೋಡೆಯ ಮೇಲೆ, ಮಕ್ಕಳು ಕೂರಲು ಐದು ತಟ್ಟೆ, ಅಂದರೆ ಐದು ಗುಂಪು. ಒಂದರಲ್ಲಿ ಮೇಷ್ಟ್ರು ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದರಲ್ಲಿ ಸ್ವಲ್ಪ. ಎರಡರಲ್ಲಿ ಗೆಳೆಯರೇ ಆಸರೆ. ಕೊನೆಯದರಲ್ಲಿ ಮಗು ತಾನೇ ಕಲಿಯಬೇಕು. ಅಕ್ಷರ ಕೂಡ ಅ, ಆ, ಇ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಸರ, ಅರಸ, ಅಗಸ ಅಂತ ಓದಬಹುದು. "ಅ ಆ ಬಿಟ್ಟು ಇದೇನ್ರೀ ಸರ?" ಅಂತ ಊರಿನವರು ಕೇಳುತ್ತಿದ್ದರು.

ಯುಗಾದಿ ಹತ್ತಿರ ಬಂದಿತ್ತು. ಒಂದನೇ ತರಗತಿಯ ಹುಡುಗಿಯೊಬ್ಬಳು ಬೆಂಗಳೂರಿನಿಂದ ವಾಪಸ್ ಬಂದಿದ್ದಳು. ಕಾಲಲ್ಲಿ ಅಕ್ಕನದೋ ಅಮ್ಮನದೋ ದೊಡ್ಡ ಚಪ್ಪಲಿ. ಬಾಗಿಲಲ್ಲಿ ಬಿಟ್ಟು ಒಳಗೆ ಬಂದವಳು ನನ್ನ ಹತ್ತಿರ ಬರಲಿಲ್ಲ, ಸೀದಾ ಏಣಿಯ ಮುಂದೆ ನಿಂತಳು. ಕೆಳಗಿನಿಂದ ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ಬಂದಳು. ಒಂದು ಕಡೆ ನಿಲ್ಲಿಸಿ, "ನಂದು ಇಲ್ಲಿತನ ಆಗಿತ್ರಿ ಸರ" ಅಂದಳು. ಯಾವ ಮಗು ಎಲ್ಲಿಯವರೆಗೆ ಕಲಿತಿದೆ ಅಂತ ಗುರುತು ಹಾಕುವ ಪ್ರಗತಿ ನೋಟದಲ್ಲಿ ನೋಡಿದೆ. ಹೌದು, ಅಲ್ಲೇ ನಿಂತಿತ್ತು. ಜ, ವ, ಮ, ಬ, ನ.

ಕಾರ್ಡು ತೆಗೆದುಕೊಂಡು ಗೆಳತಿಯ ಪಕ್ಕ ಕೂತಳು. ವ ಮತ್ತು ಮ ಎರಡೂ ಕಲಸಿಹೋಗಿದ್ದವು. ಗೆಳತಿ ನೆಲದ ಹಲಗೆಯಲ್ಲಿ ಎರಡನ್ನೂ ಬರೆದು, ಮ ಅಕ್ಷರದ ಬಾಲದ ಮೇಲೆ ಇವಳ ಬೆರಳು ಹಿಡಿದು ತಿದ್ದಿಸಿದಳು. ನಾನು ಸುಮ್ನೆ ನೋಡುತ್ತಿದ್ದೆ. ಜನ, ವನ, ಮರ ಅಂತ ಓದಿದವಳು ಇನ್ನೊಂದು ಪದಕ್ಕೆ ಬಂದು ತಡವರಿಸಿದಳು. ಬ... ಸ... ವ. "ಸರ! ನಮ್ಮ ಕಾಕಾನ ಹೆಸರು ಐತ್ರಿ ಇದ್ರಾಗ!" ಇಡೀ ತರಗತಿ ಎದ್ದು ನೋಡಲು ಬಂತು.

ಮಕ್ಕಳು ಜಾಸ್ತಿ ಇರುವ ಕಡೆ ಐದು ತಟ್ಟೆ ಸಂಭಾಳಿಸುವುದು ಕಷ್ಟ, ನಿಜ. ಆದರೆ ಹಳೆಯ ಕ್ರಮದಲ್ಲಾಗಿದ್ದರೆ ಅವಳು ಹಿಂದಿನ ಸಾಲಿನಲ್ಲಿ ಯಾರದೋ ಮುಗಿದ ಪಾಠ ಕೇಳುತ್ತಾ ಕೂರಬೇಕಿತ್ತು, ಅಲ್ವಾ? ಗುಳೆ ಹೋಗುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನಂತೂ ನೋಡಿಲ್ಲ.

ಆಮೇಲಿಂದ ದೀಪಾವಳಿಗೆ ಮೊದಲೇ ಗುಳೆ ಹೊರಡುವ ಮನೆಗಳಿಗೆ ಹೋಗಿ ಬರುತ್ತೇನೆ. ಅಜ್ಜಿ ಇದ್ದರೆ ಮಗುವನ್ನು ಬಿಟ್ಟು ಹೋಗಿ ಅಂತ ಕೇಳಿಕೊಳ್ಳುತ್ತೇನೆ. ಒಪ್ಪದಿದ್ದರೆ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಚೀಟಿ ಬರೆದು ತಾಯಿಯ ಕೈಗೆ ಕೊಡುತ್ತೇನೆ. ಬೆಂಗಳೂರಿನ ಕನ್ನಡ ಸರ್ಕಾರಿ ಶಾಲೆಯಲ್ಲೂ ಇದೇ ಏಣಿ ಇರುತ್ತದೆ, ಚೀಟಿ ತೋರಿಸಿ ಅಂತ ಹೇಳುತ್ತೇನೆ. ಟಿಸಿ ತಂದಿಲ್ಲ ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಅಂತಲೂ ಚೀಟಿಯ ಕೆಳಗೆ ಬರೆದಿರುತ್ತೇನೆ.