ಟಿಕೆಟ್ ಇಲ್ಲದವರಿಗೂ ಒಂದು ಮಳೆ

ಅಮ್ಮನನ್ನು ಕಳಿಸಿಕೊಡಲು ಸಿಂಗಾಪುರದ ಚಾಂಗಿ ಏರ್‌ಪೋರ್ಟಿಗೆ ಹೋಗಿದ್ದೆ. ಟರ್ಮಿನಲ್ 1. ಲಗೇಜ್ ಒಳಗೆ ಹೋಯಿತು, ಬೋರ್ಡಿಂಗ್ ಪಾಸ್ ಕೈಗೆ ಬಂತು, ಆದರೂ ಇನ್ನೂ ಬೇಕಾದಷ್ಟು ಹೊತ್ತಿತ್ತು. ಈ ಹೊತ್ತು ಇದೆಯಲ್ಲ, ಬಹಳ ಕಷ್ಟದ್ದು. ಹೇಳಬೇಕಾದ್ದನ್ನೆಲ್ಲ ಮನೆಯಲ್ಲೇ ಹೇಳಿ ಆಗಿರುತ್ತದೆ. ಹೊರಡು ಅನ್ನುವುದಕ್ಕೂ ಬಾಯಿ ಬರುವುದಿಲ್ಲ. "ಮಾತ್ರೆ ಇಟ್ಕೊಂಡ್ಯಾ ಅಮ್ಮ?" ಅಂತ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೆ.

ಅಮ್ಮ ಉತ್ತರ ಕೊಡಲಿಲ್ಲ. ತಲೆ ಎತ್ತಿ ಮೇಲೆ ನೋಡುತ್ತಾ ನಿಂತುಬಿಟ್ಟಿದ್ದಳು.

ಎಸ್ಕಲೇಟರ್‌ಗಳ ಮೇಲುಗಡೆ ತಾಮ್ರದ ಬಣ್ಣದ ನೂರಾರು ಹನಿಗಳು ತೆಳ್ಳನೆಯ ತಂತಿಗಳಲ್ಲಿ ಇಳಿಬಿದ್ದಿದ್ದವು. ನಿಧಾನಕ್ಕೆ ಮೇಲೇರುತ್ತಿದ್ದವು, ನಿಧಾನಕ್ಕೆ ಇಳಿಯುತ್ತಿದ್ದವು. ಚೂರೂ ಸದ್ದಿಲ್ಲ. ಅಲೆಯ ಹಾಗೆ ಕಂಡದ್ದು ನೋಡನೋಡುತ್ತಲೇ ವಿಮಾನವಾಯಿತು. "ಅಲ್ನೋಡೇ, ರೆಕ್ಕೆ!" ಅಂದಳು ಅಮ್ಮ. ಅಷ್ಟರಲ್ಲಿ ರೆಕ್ಕೆ ಕರಗಿ ಬೇರೇನೋ ಆಗತೊಡಗಿತ್ತು. ಇನ್ನೊಂದು ಹೊತ್ತಿಗೆ ಗಾಳಿಪಟ.

ಇದರ ಹೆಸರು 'ಕೈನೆಟಿಕ್ ರೇನ್', ಅಂದರೆ ಚಲಿಸುವ ಮಳೆ. ಬರ್ಲಿನ್‌ನ ಆರ್ಟ್‌ಕಾಮ್ ಸ್ಟುಡಿಯೋದವರು ಮಾಡಿದ್ದು, 2012ರಲ್ಲಿ ಇಲ್ಲಿಗೆ ಬಂತು. ಒಟ್ಟು 1,216 ಹನಿಗಳು, ಎರಡು ಗುಂಪಿನಲ್ಲಿ. ಹನಿಗಳು ಹಗುರ ಅಲ್ಯೂಮಿನಿಯಂನವು, ಮೇಲೆ ತಾಮ್ರದ ಲೇಪ. ಪ್ರತಿ ಹನಿಗೂ ಚಾವಣಿಯೊಳಗೆ ಅದರದ್ದೇ ಒಂದು ಮೋಟಾರು. ಯಾವ ಹನಿ ಯಾವ ಕ್ಷಣಕ್ಕೆ ಎಷ್ಟು ಎತ್ತರದಲ್ಲಿರಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳುತ್ತದೆ. ಒಂದು ಸುತ್ತು ಮುಗಿಯಲು 15 ನಿಮಿಷ. ಅಷ್ಟು ಹೊತ್ತು ಕಾಯುವವರಿಗೇ ಇದನ್ನು ಮಾಡಿದ್ದಾರೆ ಅನ್ನಿಸಿತು ನನಗೆ. ಅವಸರದಲ್ಲಿ ಓಡುವವನಿಗೆ ಒಂದಷ್ಟು ಹನಿ ಕಾಣುತ್ತವೆ, ಅಷ್ಟೇ. ಅವು ವಿಮಾನವಾಗುವುದನ್ನು ನೋಡಬೇಕಾದರೆ ನಿಂತಿರಲೇಬೇಕು.

ಓಡುವವರಿಗೇ ಅಂತ ಮಾಡಿದ ಕಲೆಯೂ ಇದೆ. ಶಿಕಾಗೋದ ಓಹೇರ್ ಏರ್‌ಪೋರ್ಟಿನಲ್ಲಿ ನೆಲದಡಿಯ ದಾರಿಯ ಉದ್ದಕ್ಕೂ ಮೈಕೆಲ್ ಹೇಡನ್ ಅವರ ನಿಯಾನ್ ದೀಪಗಳು 1987ರಿಂದ ಬಣ್ಣ ಬದಲಿಸುತ್ತಿವೆ. ಕೆಳಗೆ ಜನರನ್ನು ಹೊತ್ತೊಯ್ಯುವ ಚಲಿಸುವ ಪಟ್ಟಿ, ಮೇಲೆ ಬೆಳಕು. ಚೆಂದವೇ. ಆದರೆ ಅದು ಸೆಕ್ಯುರಿಟಿ ದಾಟಿದ ಮೇಲೆ ಸಿಗುವಂಥದ್ದು. ಆಮ್ಸ್ಟರ್‌ಡ್ಯಾಮಿನ ಸ್ಕಿಪೋಲ್ ಏರ್‌ಪೋರ್ಟಿನಲ್ಲಿ ಆ ಊರಿನ ದೊಡ್ಡ ಕಲಾ ಸಂಗ್ರಹಾಲಯ ರೈಕ್ಸ್ ಮ್ಯೂಸಿಯಂ 2002ರಲ್ಲಿ ತನ್ನ ಪುಟ್ಟ ಶಾಖೆಯನ್ನೇ ತೆರೆಯಿತು. ಅದೂ ಪಾಸ್‌ಪೋರ್ಟ್ ತಪಾಸಣೆಯ ಆಚೆ. ಹೋಗುವವರಿಗೆ ಎಲ್ಲವೂ ಇದೆ. ಬಿಡಲು ಬಂದವರಿಗೆ?

ಈ ಪ್ರಶ್ನೆ ಆ ದಿನ ನನಗೆ ನಿಜವಾಗಿಯೂ ಮುಖ್ಯ ಅನ್ನಿಸಿತು. ಯಾಕೆಂದರೆ 'ಕೈನೆಟಿಕ್ ರೇನ್' ಇರುವುದು ಚೆಕ್ ಇನ್ ಹಾಲ್‌ನಲ್ಲಿ, ಯಾರು ಬೇಕಾದರೂ ಬರಬಹುದಾದ ಜಾಗದಲ್ಲಿ. ಟಿಕೆಟ್ ಇದ್ದ ಅಮ್ಮ, ಇಲ್ಲದ ನಾನು, ಇಬ್ಬರೂ ಒಂದೇ ಕಡೆ ನಿಂತು ನೋಡಿದೆವು. ನಮ್ಮ ಪಕ್ಕದಲ್ಲಿ ಒಬ್ಬ ಹುಡುಗ ತನ್ನ ಅಜ್ಜನ ಕೈ ಹಿಡಿದು ನಿಂತಿದ್ದ. ಯಾರು ಹೋಗುವವರು, ಯಾರು ಉಳಿಯುವವರು ಗೊತ್ತಾಗಲಿಲ್ಲ. ಏನು ಮಾತಾಡಬೇಕು ಅಂತ ಒದ್ದಾಡುವುದು ತಪ್ಪಿತು. ಅಮ್ಮ ಮನೆಯಲ್ಲಿ ಕೂತಾಗಿನ ಹಾಗೆಯೇ ಆರಾಮಾಗಿ ಮಾತಾಡುತ್ತಿದ್ದಳು.

"ಇಷ್ಟನ್ನೂ ಯಾರೇ ಒರೆಸ್ತಾರೆ? ಒಂದು ಹನಿ ಕೆಟ್ರೆ?" ಅಂತ ಕೇಳಿದಳು.

ಎಷ್ಟು ಸರಿಯಾದ ಪ್ರಶ್ನೆ, ಅಲ್ವಾ! ಏರ್‌ಪೋರ್ಟ್ ಅಂದರೆ ಸದಾ ಒಡೆದು ಕಟ್ಟುವ ಜಾಗ. ಕಲೆಯನ್ನು ತಂದು ಇಡುವುದಕ್ಕಿಂತ ಉಳಿಸಿಕೊಳ್ಳುವುದೇ ಅಲ್ಲಿ ದೊಡ್ಡ ಕೆಲಸ. ನ್ಯೂಯಾರ್ಕಿನ ಲಾಗಾರ್ಡಿಯಾ ಏರ್‌ಪೋರ್ಟಿನ ಮರೀನ್ ಏರ್ ಟರ್ಮಿನಲ್‌ನಲ್ಲಿ ಕಲಾವಿದ ಜೇಮ್ಸ್ ಬ್ರೂಕ್ಸ್ 1942ರಲ್ಲಿ 237 ಅಡಿ ಉದ್ದದ ಚಿತ್ರವೊಂದನ್ನು ಮುಗಿಸಿದರು. ಮನುಷ್ಯ ಹಾರಲು ಕಲಿತ ಕಥೆ ಅದು, ದುಂಡು ಹಾಲ್‌ನ ಗೋಡೆ ಸುತ್ತಲೂ. 1950ರ ದಶಕದಲ್ಲಿ ಅದರ ಮೇಲೆ ಬಣ್ಣ ಬಳಿದುಬಿಟ್ಟರು. ಮತ್ತೆ ಅದು ಬೆಳಕಿಗೆ ಬಂದಿದ್ದು 1980ರಲ್ಲಿ. ಅಷ್ಟೂ ವರ್ಷ ಆ ಗೋಡೆಯ ಕೆಳಗೆ ಕೂತು ಕಾದವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ನ್ಯೂಯಾರ್ಕಿನ ಹತ್ತಿರದ ನೆವಾರ್ಕ್ ಏರ್‌ಪೋರ್ಟಿಗೆ ಕಲಾವಿದ ಅರ್ಶಿಲ್ ಗೋರ್ಕಿ ಬರೆದ ಹತ್ತು ಚಿತ್ರಗಳ ಕಥೆ ಇನ್ನೂ ಕೆಟ್ಟದ್ದು. ಅವುಗಳ ಮೇಲೂ ಬಣ್ಣ ಬಳಿದಿದ್ದರು. ಕೊನೆಗೆ ಸಿಕ್ಕಿದ್ದು ಎರಡೇ.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಗೋಡೆಗೆ ಬಣ್ಣ ಹಚ್ಚೋನಾದ್ರೂ ಒಂದ್ಸಲ ನೋಡ್ಬಾರದಿತ್ತಾ" ಅಂತ ನೊಂದುಕೊಂಡಳು.

ಆಮೇಲೆ ಹೊತ್ತಾಯಿತು. ಅಪ್ಪಿಕೊಂಡು ಒಳಗೆ ಹೋದಳು. ನಾನು ತಕ್ಷಣ ಮನೆಗೆ ಹೊರಡಲಿಲ್ಲ. ಎರಡನೇ ಗುಂಪಿನ ಹನಿಗಳ ಹತ್ತಿರ ಹೋಗಿ ಮತ್ತೊಂದು ಸುತ್ತು ಪೂರ್ತಿ ನೋಡಿದೆ. ಅಳು ಬಂದಿತ್ತು. ಆದರೆ ಅಲ್ಲಿ ತಲೆ ಎತ್ತಿ ನಿಂತವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಟರ್ಮಿನಲ್ ಕಟ್ಟುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಒಳ್ಳೆಯ ಕಲಾಕೃತಿ ಒಂದಾದರೂ ಸೆಕ್ಯುರಿಟಿಯ ಈಚೆಗೆ ಇರಲಿ. ಅದರ ಎದುರು ನಾಲ್ಕು ಕುರ್ಚಿ ಹಾಕಿ. ಕಲಾವಿದರ ಹೆಸರನ್ನು ವಯಸ್ಸಾದವರೂ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆಯಿರಿ. ಮುಂದಿನ ತಿಂಗಳು ಚಿಕ್ಕಮ್ಮ ಬಂದು ಹೋಗುವವಳಿದ್ದಾಳೆ. ಹೊರಡುವ ದಿನ ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಂಡೇ ಏರ್‌ಪೋರ್ಟಿಗೆ ಹೋಗೋಣ ಅಂತ ಈಗಲೇ ಹೇಳಿಟ್ಟಿದ್ದೇನೆ.