ಕ್ರಿಸ್ ಮೆಕ್ಯಾಂಡ್ಲೆಸ್ ಅಲಾಸ್ಕಕ್ಕೆ ಸಾಯಲೆಂದೇ ಹೋಗಿದ್ದನೇ?

‘ಇನ್‌ಟು ದ ವೈಲ್ಡ್’ ಸಿನಿಮಾ ನೋಡಿದವರು, ಅದೇ ಹೆಸರಿನ ಪುಸ್ತಕ ಓದಿದವರು, ಎರಡೂ ಇಲ್ಲದೆ ಯೂಟ್ಯೂಬ್‌ನಲ್ಲಿ ಹತ್ತು ನಿಮಿಷದ ಕಥೆ ಕೇಳಿದವರು, ಎಲ್ಲರೂ ಕೊನೆಗೆ ಕೇಳುವುದು ಇದನ್ನೇ: ಅಷ್ಟು ಓದಿದ ಅಮೆರಿಕದ ಹುಡುಗ, ಬ್ಯಾಂಕಿನಲ್ಲಿ ದುಡ್ಡಿದ್ದವನು, ಎಲ್ಲ ಬಿಟ್ಟು ಕಾಡಿಗೆ ಹೋಗಿ ಹಸಿದು ಸತ್ತನಲ್ಲ, ತಲೆ ಸರಿ ಇತ್ತಾ? ಇಲ್ಲಾ ಸಾಯೋಕೇ ಹೋಗಿದ್ನಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಲೆ ಸರಿ ಇತ್ತು. ಸಾಯಲು ಹೋಗಿರಲಿಲ್ಲ. ಅವನು ಕಾಡಿಗೆ ಹೋದ ಕಾರಣಗಳು ಬೇರೆ, ಕಾಡಿನಲ್ಲಿ ಸತ್ತ ಕಾರಣಗಳು ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದಾಗಲೇ ಅವನು ಒಬ್ಬರಿಗೆ ಸಂತನಾಗಿ, ಇನ್ನೊಬ್ಬರಿಗೆ ಪೆದ್ದನಾಗಿ ಕಾಣುವುದು. ಎರಡೂ ಒಂದನ್ನೊಂದು ಮುಟ್ಟುವ ಜಾಗ ಒಂದೇ: ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಅವನ ಹಟ.

ಹುಟ್ಟಿದ್ದು 1968ರ ಫೆಬ್ರುವರಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಬೆಳೆದದ್ದು ವಾಷಿಂಗ್ಟನ್ ನಗರಕ್ಕೆ ಹತ್ತಿರದ ಆನ್ಯಾಂಡೇಲ್‌ನಲ್ಲಿ. ತಂದೆ ವಾಲ್ಟ್ ನಾಸಾದಲ್ಲಿ ಕೆಲಸ ಮಾಡಿದ ರಾಡಾರ್ ತಂತ್ರಜ್ಞ. ಆಮೇಲೆ ತಾಯಿ ಬಿಲ್ಲಿಯ ಜೊತೆ ಸ್ವಂತ ಕಂಪನಿ ನಡೆಸಿದವರು. ಹೈಸ್ಕೂಲಿನಲ್ಲಿ ಹುಡುಗ ದೂರದ ಓಟದ ತಂಡದ ನಾಯಕ. ಶನಿವಾರ ರಾತ್ರಿ ಗೆಳೆಯರು ಪಾರ್ಟಿಗೆ ಹೋದರೆ ಇವನು ವಾಷಿಂಗ್ಟನ್ನಿನ ಬೀದಿಗಳಲ್ಲಿ ಮನೆಯಿಲ್ಲದವರಿಗೆ ಬರ್ಗರ್ ಹಂಚಲು ಹೋಗುತ್ತಿದ್ದ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಮಾನವಶಾಸ್ತ್ರ ಓದಿ 1990ರ ಮೇ ತಿಂಗಳಲ್ಲಿ ಒಳ್ಳೆಯ ಅಂಕಗಳೊಂದಿಗೆ ಪದವಿ ಪಡೆದ. ಉಳಿದಿದ್ದ ಸುಮಾರು 24,000 ಡಾಲರನ್ನು ಹಸಿವಿನ ವಿರುದ್ಧ ಕೆಲಸ ಮಾಡುವ ಆಕ್ಸ್‌ಫಾಮ್‌ಗೆ ಕೊಟ್ಟುಬಿಟ್ಟ. ಆಗಸ್ಟ್‌ವರೆಗೆ ಮನೆಯವರಿಗೆ ಸುಳಿವು ಸಿಗಬಾರದೆಂದು, ತನಗೆ ಬರುವ ಕಾಗದಗಳನ್ನು ಅಲ್ಲಿಯತನಕ ತಡೆದಿಡುವಂತೆ ಅಂಚೆ ಕಚೇರಿಗೆ ಹೇಳಿಯೇ ಹೊರಟ. ಬುದ್ಧಿ ಕೆಟ್ಟವನ ಕೆಲಸವಲ್ಲ ಇದು. ಬಹಳ ಲೆಕ್ಕಾಚಾರದ ಕೆಲಸ.

ಇಷ್ಟು ಸಿಟ್ಟು ಏಕೆ? 1986ರ ಬೇಸಿಗೆಯಲ್ಲಿ ಹಳೆಯ ಕಾರೊಂದರಲ್ಲಿ ಒಬ್ಬನೇ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅವನಿಗೆ ಮನೆಯ ಗುಟ್ಟು ಗೊತ್ತಾಯಿತು. ತಾನು ಹುಟ್ಟಿದಾಗ ತಂದೆಗೆ ಮೊದಲ ಹೆಂಡತಿಯ ಜೊತೆಗಿನ ಮದುವೆ ಇನ್ನೂ ಮುಗಿದಿರಲಿಲ್ಲ. ತಾನು ಹುಟ್ಟಿದ ಮೇಲೂ ಆ ಮನೆಯಲ್ಲಿ ಒಂದು ಮಗು ಹುಟ್ಟಿತ್ತು. ಮನೆಯಲ್ಲಿ ತಂದೆಯ ಹೊಡೆತ-ಬಡಿತವೂ ಇತ್ತೆಂದು ತಂಗಿ ಕ್ಯಾರಿನ್ 2014ರಲ್ಲಿ ಬರೆದಳು. ತಂದೆತಾಯಿ ಅದನ್ನು ಒಪ್ಪಲಿಲ್ಲ. ಕ್ರಿಸ್ ಜಗಳವಾಡಲಿಲ್ಲ. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ವರ್ಷ ಓದು ಮುಗಿಸಿ, ಆಮೇಲೆ ಒಂದೇ ಸಲ ಕತ್ತರಿಸಿಕೊಂಡ. ಜೊತೆಗೆ ಟಾಲ್‌ಸ್ಟಾಯ್, ಥೋರೋ, ಜ್ಯಾಕ್ ಲಂಡನ್ ಓದಿನ ನಶೆ. ಉತ್ತರದ ಹಿಮನಾಡನ್ನು ಅಷ್ಟು ವರ್ಣಿಸಿದ ಲಂಡನ್ ಅಲ್ಲಿ ಕಳೆದದ್ದು 1897–98ರ ಒಂದೇ ಚಳಿಗಾಲ, ಅದೂ ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ಹಿಡಿದು ವಾಪಸಾದ. ಇದನ್ನು ಈ ಹುಡುಗ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದನೋ!

ಅದೇ 1986ರ ಪ್ರವಾಸದಲ್ಲಿ ಅವನು ಮೊಹಾವಿ ಮರುಭೂಮಿಯಲ್ಲಿ ದಾರಿ ತಪ್ಪಿ ನೀರಿಲ್ಲದೆ ಸಾಯುವ ಹಂತಕ್ಕೆ ಬಂದಿದ್ದ. ಬದುಕಿ ಬಂದ. 1990ರ ಜುಲೈಯಲ್ಲಿ ಅರಿಜೋನಾದ ಮೀಡ್ ಸರೋವರದ ಬಳಿ ಹಠಾತ್ ಪ್ರವಾಹಕ್ಕೆ ಸಿಕ್ಕಿ ಅವನ ಹಳದಿ ಡ್ಯಾಟ್ಸನ್ ಕಾರು ಕೆಟ್ಟಿತು. ಕಾರು ಅಲ್ಲೇ ಬಿಟ್ಟು, ಇದ್ದ ನೋಟುಗಳನ್ನು ಸುಟ್ಟು ನಡೆದ. ಬದುಕಿದ. ಆ ವರ್ಷದ ಕೊನೆಗೆ ದೋಣಿ ಕೊಂಡು ಕೊಲರಾಡೋ ನದಿಯಲ್ಲಿ ಮೆಕ್ಸಿಕೋಗೆ ಹೋಗಿ ಕಾಲುವೆಗಳ ಜಾಲದಲ್ಲಿ ಕಳೆದುಹೋದ. ಆಗಲೂ ಬದುಕಿದ. ಪ್ರತಿ ಸಲ ಬಚಾವಾದದ್ದನ್ನು ಅವನು ತನ್ನ ಸಾಮರ್ಥ್ಯದ ಖಾತೆಗೆ ಬರೆದುಕೊಂಡ. ನನ್ನ ಲೆಕ್ಕದಲ್ಲಿ ಅವನ ಸ್ವಭಾವದ ಅತ್ಯಂತ ಅಪಾಯಕಾರಿ ಭಾಗ ಇದು, ಮನೆಯ ಮೇಲಿನ ಸಿಟ್ಟಿಗಿಂತ ಹೆಚ್ಚು.

ಏಕೆಂದರೆ ಆ ಎರಡು ವರ್ಷ ಅವನು ನಿಜವಾಗಿ ಒಂಟಿಯಾಗಿ ಇದ್ದದ್ದು ಕಡಿಮೆ. ಮೆಕ್ಸಿಕೋದ ಕಾಲುವೆಗಳಿಂದ ಅವನನ್ನು ಹೊರಗೆ ತಂದವರು ಅಲ್ಲಿ ಬಾತುಕೋಳಿ ಬೇಟೆಗೆ ಬಂದವರು. ದಕ್ಷಿಣ ಡಕೋಟಾದ ಕಾರ್ತೇಜ್‌ನಲ್ಲಿ ಧಾನ್ಯದ ಗೋದಾಮಿನ ಮಾಲೀಕನೊಬ್ಬ ಕೆಲಸ, ಊಟ, ಹಾಸಿಗೆ ಕೊಟ್ಟ. ಅರಿಜೋನಾದ ಬುಲ್‌ಹೆಡ್ ಸಿಟಿಯಲ್ಲಿ ಮೆಕ್‌ಡೊನಾಲ್ಡ್ಸ್‌ನಲ್ಲಿ ದುಡಿದ. ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ಎಂಬತ್ತರ ಮುದುಕರೊಬ್ಬರು ಚರ್ಮದ ಕೆಲಸ ಕಲಿಸಿ, ದತ್ತು ತೆಗೆದುಕೊಳ್ಳುತ್ತೇನೆಂದರು. ಅಲೆಕ್ಸಾಂಡರ್ ಸೂಪರ್‌ಟ್ರ್ಯಾಂಪ್ ಎಂದು ಹೆಸರಿಟ್ಟುಕೊಂಡು ತಿರುಗಿದ ಈ ಹುಡುಗನನ್ನು ಕಂಡವರೆಲ್ಲ ಹಚ್ಚಿಕೊಂಡರು.

ನಮ್ಮವರು ಇಲ್ಲಿ ತಕ್ಷಣ ಕೇಳುವುದು: ಹಾಗಾದರೆ ಸನ್ಯಾಸಿಯ ಹಾಗೆಯೇ ಅಲ್ಲವಾ? ಹೊರನೋಟಕ್ಕೆ ಹೌದು. ಆದರೆ ನಮ್ಮ ಸನ್ಯಾಸಿಯಾಗಲಿ ಜಂಗಮನಾಗಲಿ ಮನೆ ಬಿಟ್ಟರೂ ಭಿಕ್ಷೆಗೆ ಊರ ಬಾಗಿಲಿಗೇ ಬರುವವನು. ಊರು ಅವನನ್ನು ಸಾಕುತ್ತದೆ, ಅದನ್ನವನು ಮುಚ್ಚಿಡುವುದೂ ಇಲ್ಲ. ಕ್ರಿಸ್ ಎರಡು ವರ್ಷ ಹಾಗೇ ಬದುಕಿ, ಯಾರ ಹಂಗೂ ಇಲ್ಲದೆ ಬದುಕಿದೆ ಎಂದುಕೊಂಡ. ಅಲಾಸ್ಕದಲ್ಲಿ ಮಾತ್ರ ಆ ಊರು ಇರಲಿಲ್ಲ.

1992ರ ಏಪ್ರಿಲ್ 28. ಫೇರ್‌ಬ್ಯಾಂಕ್ಸ್ ಕಡೆಯಿಂದ ಲಿಫ್ಟ್ ಕೊಟ್ಟ ಎಲೆಕ್ಟ್ರಿಷಿಯನ್ ಜಿಮ್ ಗ್ಯಾಲಿಯನ್, ಹೀಲಿ ಎಂಬ ಊರಿನ ಹತ್ತಿರ ಸ್ಟ್ಯಾಂಪೀಡ್ ಹಾದಿಯ ತುದಿಯಲ್ಲಿ ಇಳಿಸಿದರು. ಸಾಮಾನು ಸಾಲದು, ಆಂಕರೇಜ್‌ಗೆ ಬಾ, ನಾನೇ ಕೊಡಿಸುತ್ತೇನೆ ಎಂದರು. ಬೇಡ ಎಂದ. ಒತ್ತಾಯಕ್ಕೆ ರಬ್ಬರ್ ಬೂಟುಗಳನ್ನೂ ಅವರ ಊಟದ ಬುತ್ತಿಯನ್ನೂ ತೆಗೆದುಕೊಂಡು, ತನ್ನ ಗಡಿಯಾರ, ಬಾಚಣಿಗೆ, ಚಿಲ್ಲರೆ, ಕೊನೆಗೆ ಹರಿದ ರಸ್ತೆ ನಕ್ಷೆಯನ್ನೂ ಅವರ ಗಾಡಿಯಲ್ಲೇ ಬಿಟ್ಟ.

ಚೀಲದಲ್ಲಿ ಇದ್ದದ್ದು ಹತ್ತು ಪೌಂಡ್ ಅಕ್ಕಿ, .22 ಬಂದೂಕು, 400 ತೋಟಾ, ತಿನ್ನಬಹುದಾದ ಗಿಡಗಳ ಒಂದು ಪುಸ್ತಕ, ಓದಲು ಕಾದಂಬರಿಗಳು.

ಅಕ್ಕಿಯ ಲೆಕ್ಕ ನೋಡಿ. ಹತ್ತು ಪೌಂಡ್ ಎಂದರೆ ನಾಲ್ಕೂವರೆ ಕಿಲೋ. ಕಿಲೋಗೆ 3,600 ಕ್ಯಾಲರಿಯಂತೆ ಒಟ್ಟು 16,000. ಸೌದೆ ಒಡೆದು, ಬೇಟೆಗೆ ಅಲೆದು, ಚಳಿಯಲ್ಲಿ ಮಲಗುವ ಗಂಡಸಿಗೆ ದಿನಕ್ಕೆ ಕಡಿಮೆಯೆಂದರೂ 2,500 ಬೇಕು. ಅಂದರೆ ಪೂರ್ತಿ ಹೊಟ್ಟೆ ತುಂಬ ಉಂಡರೆ ಆ ಅಕ್ಕಿ ಒಂದು ವಾರ ಬರುವುದಿಲ್ಲ. ಅವನು ಕಾಡಿನಲ್ಲಿ ಬದುಕಿದ್ದು ಸುಮಾರು 113 ದಿನ. ಉಳಿದದ್ದೆಲ್ಲ ಅಳಿಲು, ಮುಳ್ಳುಹಂದಿ, ಕಾಡುಕೋಳಿ, ಗೆಡ್ಡೆ, ಹಣ್ಣು. ಅಲ್ಲಿಯ ಕೆಂಪಳಿಲನ್ನು ಸುಲಿದರೆ ನೂರು ಗ್ರಾಂ ಮಾಂಸ ಸಿಗುವುದೇ ಹೆಚ್ಚು, ಅದರಲ್ಲಿ 120 ಕ್ಯಾಲರಿ. ದಿನಕ್ಕೆ ಇಪ್ಪತ್ತು ಅಳಿಲು ಹೊಡೆಯಬೇಕು! ಹೊಡೆದರೂ ಅದರಲ್ಲಿ ಕೊಬ್ಬಿಲ್ಲ. ಬರೀ ಕೊಬ್ಬಿಲ್ಲದ ಮಾಂಸ ತಿಂದರೆ ಪಿತ್ತಜನಕಾಂಗ ಒಂದು ಮಿತಿಯ ಮೇಲೆ ಪ್ರೋಟೀನನ್ನು ನಿಭಾಯಿಸಲಾರದು. ವಾಕರಿಕೆ, ಭೇದಿ, ಸುಸ್ತು ಶುರುವಾಗಿ ಹೊಟ್ಟೆ ತುಂಬಿದ್ದರೂ ದೇಹ ಸೊರಗುತ್ತದೆ. ಉತ್ತರದ ಬೇಟೆಗಾರರು ಮೊದಲು ಕೊಬ್ಬನ್ನು ಹುಡುಕುವುದು ಇದಕ್ಕೇ. ಇಷ್ಟರಲ್ಲಿ ಅವನು ನೂರು ದಿನ ದಾಟಿದ್ದು ಪೆದ್ದನಿಂದ ಆಗುವ ಕೆಲಸವಲ್ಲ. ಅವನನ್ನು ಬರೀ ಬೈಯುವ ಅಲಾಸ್ಕದವರು ಇದನ್ನು ಮರೆಯುತ್ತಾರೆ.

ಅವನಿಗೆ ಉಳಿಯಲು ಸಿಕ್ಕಿದ್ದು ಒಂದು ಹಳೆಯ ಬಸ್ಸು. 1940ರ ದಶಕದ್ದು, ಒಂದು ಕಾಲಕ್ಕೆ ಫೇರ್‌ಬ್ಯಾಂಕ್ಸ್‌ನ ನಗರ ಸಾರಿಗೆಯಲ್ಲಿ ಓಡುತ್ತಿದ್ದ 142ನೇ ನಂಬರಿನ ಬಸ್ಸು. 1960ರ ಸುಮಾರಿಗೆ ಗಣಿಯ ಕಡೆ ರಸ್ತೆ ಮಾಡಲು ಹೊರಟ ಕಂಪನಿ ಕೂಲಿಗಳು ಮಲಗಲೆಂದು ಎಳೆದು ತಂದು, ಕೆಲಸ ನಿಂತಾಗ ಅಲ್ಲೇ ಬಿಟ್ಟಿತ್ತು. ಒಳಗೆ ಮಂಚ, ಡ್ರಮ್ಮಿನ ಒಲೆ. ಹೆದ್ದಾರಿಯಿಂದ 40 ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಎರಡು ನದಿ.

ಜೂನ್ 9ರಂದು ಮೂಸ್ ಹೊಡೆದ. ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ ಅದು, ಸರಿಯಾಗಿ ಒಣಗಿಸಿದ್ದರೆ ತಿಂಗಳುಗಟ್ಟಲೆಯ ಊಟ. ಕೆಲಸ ಕೆಟ್ಟದ್ದು ಇಲ್ಲಿ. ಡಕೋಟಾದಲ್ಲಿ ಬೇಟೆಗಾರರು ಹೇಳಿಕೊಟ್ಟಂತೆ ಅವನು ಮಾಂಸಕ್ಕೆ ಹೊಗೆ ಹಾಕಲು ಹೋದ. ಅಲಾಸ್ಕದಲ್ಲಿ ಮಾಡುವುದು ಬೇರೆ: ಮಾಂಸವನ್ನು ತೆಳ್ಳಗೆ ಪಟ್ಟಿಪಟ್ಟಿಯಾಗಿ ಕೊಯ್ದು, ಚಪ್ಪರದಂಥ ಕಟ್ಟೆಯ ಮೇಲೆ ಗಾಳಿಗೆ ಹಾಕುತ್ತಾರೆ; ಮೇಲ್ಮೈ ಬೇಗ ಒಣಗಿ ಗಟ್ಟಿಯಾದರೆ ನೊಣ ಮೊಟ್ಟೆಯಿಡಲು ಜಾಗ ಸಿಗುವುದಿಲ್ಲ. ಕೊಡಗಿನಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕುವವರಿಗೂ ಗೊತ್ತು, ತುಂಡು ದಪ್ಪಗಿದ್ದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗಿದರೂ ಪೂರ್ತಿ ಕತ್ತಲಾಗುವುದಿಲ್ಲ, ನೊಣಗಳಿಗೆ ಹಗಲೂ ರಾತ್ರಿ ಸುಗ್ಗಿ. ಒಬ್ಬನೇ ಅಷ್ಟು ದೊಡ್ಡ ಪ್ರಾಣಿಯನ್ನು ಕೊಯ್ಯುವಷ್ಟರಲ್ಲಿ ತಡವಾಗಿತ್ತು. 14ರ ಹೊತ್ತಿಗೆ ಹುಳ. ಹೊಡೆಯಬಾರದಿತ್ತು ಎಂದು ಡೈರಿಯಲ್ಲಿ ಬರೆದುಕೊಂಡ. ಬದುಕಿನ ದೊಡ್ಡ ದುರಂತಗಳಲ್ಲಿ ಒಂದು ಎಂದೂ ಬರೆದ. ಮಿಕ್ಕದ್ದು ತೋಳಗಳ ಪಾಲು.

ಈಗ ಮುಖ್ಯ ವಿಷಯ. ಜುಲೈ 3ರಂದು ಅವನು ಗಂಟುಮೂಟೆ ಕಟ್ಟಿ ವಾಪಸ್ ಹೊರಟ. ಸಾಯಲು ಬಂದವನು ಹೀಗೆ ಹೊರಡುವುದಿಲ್ಲ. ಹೊರಡುವ ಮುಂಚೆ ಮರದ ತೊಗಟೆಯ ಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ ಬರೆದಿದ್ದ: ಪ್ಯಾಂಟಿಗೆ ತೇಪೆ, ಗಡ್ಡ ಬೋಳಿಸುವುದು, ಚೀಲ ಜೋಡಿಸುವುದು. ಎರಡು ದಿನ ನಡೆದು ಟೆಕ್ಲಾನಿಕಾ ನದಿಗೆ ಬಂದರೆ, ಏಪ್ರಿಲ್ ಕೊನೆಯಲ್ಲಿ ಕಾಲು ಹಾಕಿ ದಾಟಿದ್ದ ಹೊಳೆ ಭೋರ್ಗರೆಯುತ್ತಿತ್ತು. ಇದು ಹಿಮನದಿಯಿಂದ ಹುಟ್ಟುವ ಹೊಳೆ. ವಸಂತದಲ್ಲಿ ಮೇಲೆ ಹಿಮ ಗಟ್ಟಿಯಾಗಿರುವುದರಿಂದ ನೀರು ಕಡಿಮೆ. ಜುಲೈ ಬಿಸಿಲಿಗೆ ಹಿಮ ಕರಗಿ, ಮಳೆಯೂ ಸೇರಿ ಉಕ್ಕುತ್ತದೆ. ಚಳಿ ಹತ್ತಿರವಾದಂತೆ ಮತ್ತೆ ಇಳಿಯುತ್ತದೆ. ನಮ್ಮ ಮಳೆಗಾಲದ ಹೊಳೆಯ ಹಾಗೆ ಮೋಡ ನೋಡಿ ಹೇಳುವಂಥದ್ದಲ್ಲ, ಆಕಾಶ ಶುಭ್ರವಾಗಿದ್ದರೂ ಅಪಾಯ. ಹೋಗುವಾಗ ಇದನ್ನು ಯೋಚಿಸದಿದ್ದದ್ದೇ ಅವನ ಅತಿ ದೊಡ್ಡ ತಪ್ಪು. ದಾಟಲಾಗದು, ಒಂಟಿ, ಭಯ ಎಂಬರ್ಥದ ಮಾತುಗಳನ್ನು ಡೈರಿಯಲ್ಲಿ ಬರೆದು ಬಸ್ಸಿಗೆ ಹಿಂದಿರುಗಿದ.

ಅವನು ದಾಟಲಾಗದೆ ನಿಂತ ಜಾಗದಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ನದಿ ಹರಿಯುವ ದಿಕ್ಕಿನಲ್ಲಿ, ನೀರಿನ ಮಟ್ಟ ಅಳೆಯುವವರು ಕಟ್ಟಿದ ಉಕ್ಕಿನ ಹಗ್ಗವೂ ಕೈಯಿಂದ ಎಳೆದುಕೊಂಡು ದಾಟುವ ತೊಟ್ಟಿಲೂ ಇತ್ತು. ಬಸ್ಸಿನಿಂದ ಹತ್ತು ಕಿಲೋಮೀಟರ್ ಒಳಗೆ ಗುಡಿಸಲುಗಳಿದ್ದವು. ಅವನ್ನು ಆ ವರ್ಷ ಯಾರೋ ಹಾಳುಗೆಡವಿದ್ದರಿಂದ ಒಳಗೆ ತಿನ್ನಲು ಏನೂ ಉಳಿದಿರಲಿಲ್ಲ, ಆ ಮಾತು ಬೇರೆ. ಆ ಪ್ರದೇಶದ ವಿವರವಾದ ನಕ್ಷೆ ಇದ್ದಿದ್ದರೆ ಕನಿಷ್ಠ ಹುಡುಕುತ್ತಿದ್ದ. ಆದರೆ ನಕ್ಷೆಯಿಲ್ಲದ ಜಾಗ ಬೇಕೆಂದೇ ಬಂದವನು ಅವನು. ಅಂಥ ಜಾಗ ಭೂಮಿಯ ಮೇಲೆ ಉಳಿದಿರಲಿಲ್ಲವಾದ್ದರಿಂದ ನಕ್ಷೆಯನ್ನೇ ದೂರ ಇಟ್ಟ. ಹಟ ಎಂದೆನಲ್ಲ, ಅದರ ಬೆಲೆ ಇಲ್ಲಿ ಕಟ್ಟಿದ.

ಬೀಜದ ಕಥೆಯನ್ನೂ ತಪ್ಪದೆ ಕೇಳುತ್ತಾರೆ. ಕಾಡು ಆಲೂಗಡ್ಡೆ ಎನ್ನುವ ಹೆಡಿಸಾರಮ್ ಆಲ್ಪೈನಮ್ ಗಿಡದ ಗೆಡ್ಡೆಯನ್ನು ಅವನು ಕೆಲವು ವಾರಗಳಿಂದ ತಿನ್ನುತ್ತಿದ್ದ. ಬೇಸಿಗೆಯಲ್ಲಿ ಗೆಡ್ಡೆ ನಾರಾಗುತ್ತದೆ, ಹಾಗಾಗಿ ಜುಲೈಯಲ್ಲಿ ಬೀಜಕ್ಕೆ ಕೈಹಾಕಿದ. ಜುಲೈ 30ರಂದು, ತೀರಾ ನಿತ್ರಾಣ, ಬೀಜದ ತಪ್ಪು ಎಂದು ಬರೆದ. ಮೊದಲು ಜನ ಹೇಳಿದ್ದು, ಅದನ್ನೇ ಹೋಲುವ ವಿಷದ ಗಿಡವೆಂದು ತಿಳಿಯದೆ ತಿಂದ ಎಂದು. 2013ರಲ್ಲಿ ಬಂದ ವಾದ ನಮಗೆ ಪರಿಚಿತ: ಬೀಜದಲ್ಲಿ ಕೇಸರಿ ಬೇಳೆಯ ವಿಷವೇ ಇದೆ ಎಂದು. ತೊಗರಿಬೇಳೆಗೆ ಬೆರೆಸುತ್ತಾರೆಂದು ನಾವು ಹೆದರುವ, 1961ರಲ್ಲಿ ಭಾರತ ಮಾರಾಟ ನಿಷೇಧಿಸಿದ, ಕಾಲಿನ ಶಕ್ತಿ ಕಸಿಯುವ ಅದೇ ಬೇಳೆ. ಮುಂದಿನ ಪರೀಕ್ಷೆಯಲ್ಲಿ ಅದು ಆ ವಿಷವಲ್ಲ, ಎಲ್-ಕ್ಯಾನವನೈನ್ ಎಂದು ಗೊತ್ತಾಗಿ 2015ರಲ್ಲಿ ಪ್ರಕಟವಾಯಿತು. ದೇಹ ಪ್ರೋಟೀನ್ ಕಟ್ಟುವಾಗ ಅರ್ಜಿನೈನ್ ಎಂಬ ಅಮೈನೋ ಆಮ್ಲದ ಬದಲು ಮೋಸದಿಂದ ಸೇರಿಕೊಳ್ಳುವ ವಸ್ತು ಇದು. ಎಷ್ಟು ತಿಂದರೆ ಎಷ್ಟು ಹಾನಿ ಎಂಬ ಬಗ್ಗೆ ರಸಾಯನಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಬೀಜ ಅವನನ್ನು ಕೊಂದಿತು ಎನ್ನುವುದಕ್ಕಿಂತ, ಆಗಲೇ ಸೋತಿದ್ದ ದೇಹಕ್ಕೆ ಕೊನೆಯ ಏಟಾಗಿರಬಹುದು ಎನ್ನುವುದು ನನಗೆ ಸರಿ ಕಾಣುತ್ತದೆ. ಹೊಟ್ಟೆ ತುಂಬಿದವನು ಅದೇ ಬೀಜ ಒಂದು ಹಿಡಿ ತಿಂದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಆಗಸ್ಟ್ 5, ನೂರನೆಯ ದಿನ: ನಡೆದು ಹೊರಹೋಗುವ ಶಕ್ತಿಯಿಲ್ಲ, ಕಾಡಿನಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಬರೆದ. ಬಸ್ಸಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ, ಕಾಪಾಡಿ, ಹತ್ತಿರದಲ್ಲೇ ಹಣ್ಣು ಆರಿಸಲು ಹೋಗಿದ್ದೇನೆ, ಸಂಜೆ ಬರುತ್ತೇನೆ ಎಂದು ಬೇಡಿಕೊಂಡಿದ್ದ. ಆತ್ಮಹತ್ಯೆ ಎನ್ನುವವರು ಆ ಚೀಟಿಯ ಸಹಿ ನೋಡಬೇಕು. ಅಲೆಕ್ಸ್ ಅಲ್ಲ, ಕ್ರಿಸ್ ಮೆಕ್ಯಾಂಡ್ಲೆಸ್. ಸಂತೋಷ ನಿಜವಾಗುವುದು ಹಂಚಿಕೊಂಡಾಗ ಮಾತ್ರ ಎಂದು ಅವನು ಪುಸ್ತಕದ ಅಂಚಿನಲ್ಲಿ ಬರೆದ ಸಾಲನ್ನು ಈಗ ಟೀ ಶರ್ಟಿನ ಮೇಲೆ ಅಚ್ಚು ಹಾಕುತ್ತಾರೆ. ನನಗೆ ಆ ಸಹಿಯೇ ಹೆಚ್ಚು ಹೇಳುತ್ತದೆ. ಸತ್ತದ್ದು ಆಗಸ್ಟ್ 18ರ ಸುಮಾರಿಗೆ. ಮೂಸ್ ಬೇಟೆಗೆ ಬಂದವರಿಗೆ ಶವ ಸಿಕ್ಕಿದ್ದು ಸೆಪ್ಟೆಂಬರ್ 6ರಂದು, ತೂಕ 30 ಕಿಲೋ.

ಇಷ್ಟೆಲ್ಲ ಕೇಳಿದ ಮೇಲೂ, ಆ ಬಸ್ಸು ನೋಡಲು ಹೋಗಬಹುದಾ ಎನ್ನುವವರಿದ್ದಾರೆ. ಬಸ್ಸು ಅಲ್ಲಿಲ್ಲ. ನೋಡಲು ಹೋದವರಲ್ಲಿ ಇಬ್ಬರು ಹೆಣ್ಣುಮಕ್ಕಳು, 2010ರಲ್ಲಿ ಒಬ್ಬರು, 2019ರಲ್ಲಿ ಒಬ್ಬರು, ಟೆಕ್ಲಾನಿಕಾದಲ್ಲಿ ಕೊಚ್ಚಿಹೋದರು; 2009ರಿಂದ 2017ರ ನಡುವೆ ಬಸ್ಸಿಗೆ ಸಂಬಂಧಿಸಿ 15 ಸಲ ರಕ್ಷಣಾ ತಂಡ ಹೋಗಬೇಕಾಯಿತು. ಕೊನೆಗೆ 2020ರ ಜೂನ್ 18ರಂದು ಅಲಾಸ್ಕ ಆರ್ಮಿ ನ್ಯಾಷನಲ್ ಗಾರ್ಡ್ ಚಿನೂಕ್ ಹೆಲಿಕಾಪ್ಟರಿನಲ್ಲಿ ಅದನ್ನು ಎತ್ತಿ ತಂದಿತು. ಈಗ ಅದು ಫೇರ್‌ಬ್ಯಾಂಕ್ಸ್‌ನ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ವಶದಲ್ಲಿದೆ. ಆ ಕಡೆಯ ಬೇರಾವುದೇ ಹಾದಿಗೆ ಹೋಗುವುದಿದ್ದರೆ ಹಿಮನದಿಯ ಹೊಳೆಯನ್ನು ಬೆಳಗಿನ ಜಾವ ದಾಟಿ, ರಾತ್ರಿಯ ತಂಪಿಗೆ ಆಗ ನೀರು ಕಡಿಮೆ ಇರುತ್ತದೆ. ಕಿರಿದಾದ ಜಾಗ ಸುಲಭ ಎಂದು ಕಾಣುತ್ತದೆ, ಅಲ್ಲೇ ಆಳವೂ ಸೆಳೆತವೂ ಹೆಚ್ಚು. ಹೊಳೆ ಹಲವು ಕವಲಾಗಿ ಹರಡಿದ ಅಗಲ ಜಾಗ ಹುಡುಕಿ. ಬೆನ್ನಚೀಲದ ಸೊಂಟಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚಬೇಕು. ಕೈಯಲ್ಲಿ ಗಟ್ಟಿ ಕೋಲಿರಲಿ, ಮುಖ ನೀರು ಬರುವ ಕಡೆಗೆ. ನೀರು ತೊಡೆಗೆ ಬಂದರೆ ವಾಪಸ್ ಬನ್ನಿ, ದಡದಲ್ಲಿ ಕಾಯಲು ಎರಡು ದಿನದ ಊಟ ಹೆಚ್ಚಿಗೆ ಇಟ್ಟುಕೊಂಡಿರಿ. ಯಾವ ದಿನ ಹಿಂತಿರುಗುತ್ತೀರಿ ಎಂದು ಊರಿನಲ್ಲಿ ಒಬ್ಬರಿಗಾದರೂ ಬರೆದುಕೊಟ್ಟು ಹೋಗಿ.