ನಡುಮನೆಗೆ ಹೊನ್ನಹಳದಿ

ಚಿತ್ರದುರ್ಗದ ಕೋಟೆಯ ತಪ್ಪಲಿನ ಹಳೆಯ ಓಣಿಯಲ್ಲಿರುವ ನಮ್ಮ ಮನೆಯ ನಡುಮನೆಗೆ ಬೆಳಕು ಬರುವುದು ಎರಡೇ ದಾರಿಯಿಂದ: ಮಾಳಿಗೆಯಲ್ಲಿ ಗಾಜು ಕೂರಿಸಿದ ಒಂದು ಬೆಳಕಿಂಡಿ, ಉತ್ತರದ ಸಂದಿಗೆ ತೆರೆಯುವ ಒಂದು ಸಣ್ಣ ಕಿಟಕಿ. ಪಕ್ಕದವರು ಮಹಡಿ ಎತ್ತಿದ ಮೇಲೆ ಆ ಕಿಟಕಿಯ ಬೆಳಕೂ ಅರ್ಧಕ್ಕಿಳಿಯಿತು. ಅವ್ವ ಮಧ್ಯಾಹ್ನ ಅಕ್ಕಿ ಆರಿಸಲು ಕುಳಿತರೂ ದೀಪ ಹಾಕಬೇಕಾಗಿತ್ತು. ಮನೆಗೆ ಬಣ್ಣ ಬಳಿಸುವ ಮಾತು ಬಂದಾಗ, ಕತ್ತಲೆ ಕೋಣೆಗೆ ಬಿಳಿಯೇ ಸರಿ ಎಂದು ನಂಟರೆಲ್ಲ ಹೇಳಿದರು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ ಎಂಬುದು ನಿಜ. ಆದರೆ ಬೀಳುವ ಬೆಳಕೇ ಕಡಿಮೆಯಿರುವಲ್ಲಿ ಬಿಳಿ ಬಣ್ಣವು ಬೂದಿಯಂತೆ ಮಂಕಾಗಿ ಕಾಣುತ್ತದೆ. ಹೊನ್ನಹಳದಿ ಬೆಳಕನ್ನು ಹೆಚ್ಚಿಸುವುದಿಲ್ಲ, ಆದರೆ ಇರುವಷ್ಟು ಬೆಳಕಿಗೆ ಬಿಸುಪು ಕೊಡುತ್ತದೆ. ಹೀಗೆ ಯೋಚಿಸಿ ನಾನು ಹಳದಿಯನ್ನೇ ಹಿಡಿದೆ, ಮೊದಲ ಸಲ ತಪ್ಪು ಹಳದಿಯನ್ನು ಹಿಡಿದೆ.

ಅಂಗಡಿಯ ಶೇಡ್ ಕಾರ್ಡಿನಲ್ಲಿ ಬೆರಳಗಲದ ಚೌಕವೊಂದನ್ನು ತೋರಿಸಿ ಬಣ್ಣ ತಂದೆವು. ಅದು ನಿಂಬೆಹಣ್ಣಿನ ಕಡೆಗೆ ವಾಲಿದ ಹಳದಿ. ಗೋಡೆಯಲ್ಲಿ ಮೊದಲು ತಿಳಿನೀಲಿ ಇತ್ತು, ಖರ್ಚು ಉಳಿಸಲೆಂದು ನಾನು ಪ್ರೈಮರ್ ಬೇಡವೆಂದಿದ್ದೆ. ಒಂದು ಕೋಟ್ ಆದ ಮೇಲೆ ನಮ್ಮ ಪೇಂಟರು ರೋಲರ್ ಕೆಳಗಿಟ್ಟು, “ಅಕ್ಕಾರೆ, ತಳದಾಗೆ ನೀಲಿ ಐತೆ. ಬಿಳಿ ಪ್ರೈಮರ್ ಹೊಡೀದೆ ಹಳದಿ ಹಚ್ಚಿದ್ರೆ ಹಸಿರೇ ಕಾಣೋದು” ಎಂದರು. ಎರಡನೆಯ ಕೋಟ್ ಆದರೂ ಆ ಹಸಿರು ಪೂರ್ತಿ ಹೋಗಲಿಲ್ಲ. ಅವ್ವ ಹೊಸ್ತಿಲಲ್ಲೇ ನಿಂತು, “ಕೆರೆ ನೀರೊಳಗೆ ಇಳಿದಂಗಾಗುತ್ತೆ ಕಣಮ್ಮ” ಎಂದಳು. ಆ ಮಾತು ನನಗೆ ನಾಲ್ಕಾರು ದಿನ ನಿದ್ದೆ ಕೊಡಲಿಲ್ಲ.

ತಪ್ಪು ತಳದ ನೀಲಿಯದು ಮಾತ್ರವಾಗಿರಲಿಲ್ಲ. ಉತ್ತರದ ಕಿಟಕಿಯಿಂದ ವರ್ಷದ ಹೆಚ್ಚು ಕಾಲ ಒಳಬರುವುದು ನೇರ ಬಿಸಿಲಲ್ಲ, ಆಕಾಶದ ಬೆಳಕು. ಅದರಲ್ಲಿ ನೀಲಿಯ ಪಾಲು ಹೆಚ್ಚು. ನಮ್ಮೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ನಡುಹಗಲಿನ ಸೂರ್ಯ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಉತ್ತರಕ್ಕೆ ವಾಲುತ್ತಾನೆ. ಉಳಿದ ಸುಮಾರು ಎಂಟೂವರೆ ತಿಂಗಳು ಆ ಕಿಟಕಿಗೆ ತಣ್ಣನೆಯ ಬೆಳಕೇ ಗತಿ. ನಿಂಬೆಯ ಕಡೆಗೆ ವಾಲಿದ ಹಳದಿ ಅಂಥ ಬೆಳಕಿನಲ್ಲಿ ಹಸಿರಾಗುತ್ತದೆ; ತುಸು ಕೆಂಪು ಬೆರೆತ ಹಳದಿಯಾದರೆ ತನ್ನ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ಇದಕ್ಕೆ ಸರಿಯಾಗಿ ಕೋಣೆಯಲ್ಲಿ 6500 ಕೆಲ್ವಿನ್‌ನ ಬೆಳ್ಳನೆಯ ಟ್ಯೂಬ್‌ಲೈಟ್ ಬೇರೆ ಇತ್ತು. ಅದನ್ನು ತೆಗೆದು 3000 ಕೆಲ್ವಿನ್‌ನ ಎಲ್‌ಇಡಿ ಹಾಕಿದ ರಾತ್ರಿಯೇ ಗೋಡೆಯ ಹಸಿರು ಅರ್ಧ ಇಳಿದಂತೆ ಕಂಡಿತು; ಕೆಲ್ವಿನ್ ಅಂಕಿ ಕಡಿಮೆಯಾದಷ್ಟೂ ದೀಪದ ಬೆಳಕು ಹಳದಿಯ ಕಡೆಗೆ ವಾಲುತ್ತದೆ. ಆದ್ದರಿಂದ ಹಳದಿ ಆರಿಸುವವರು ಮೊದಲು ತಮ್ಮ ದೀಪವನ್ನು ನೋಡಿಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ನನಗೆ ಬೇಕಾದ ಬಣ್ಣ ಸಿಕ್ಕಿದ್ದು ದಾವಣಗೆರೆಗೆ ಹೋಗುವ ದಾರಿಯಲ್ಲಿ. ಸುಗ್ಗಿಯ ದಿನಗಳಲ್ಲಿ ಆ ಕಡೆ ರಸ್ತೆಯ ಅಂಚಿನಲ್ಲೂ ಕಣಗಳಲ್ಲೂ ಮೆಕ್ಕೆಜೋಳವನ್ನು ಹರವಿ ಒಣಗಿಸುತ್ತಾರೆ. ಸಂಜೆ ಬಸ್ಸು ನಿಂತಾಗ ಕೆಳಗಿಳಿದು, ರಾಶಿ ಕೂಡಿಸುತ್ತಿದ್ದ ಹೆಂಗಸನ್ನು ಕೇಳಿ ಒಂದು ಹಿಡಿ ಕಾಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಮನೆಯಲ್ಲಿ ಬಿಳಿ ಹಾಳೆಯ ಮೇಲೆ ಹರಡಿ ನೋಡಿದಾಗ ಒಂದೊಂದು ಕಾಳಿನಲ್ಲೂ ಮೂರು ಬಣ್ಣಗಳಿದ್ದವು: ದಿಂಡಿಗೆ ಅಂಟಿಕೊಂಡಿದ್ದ ಚೂಪು ತುದಿ ಬಿಳಿ, ಬೆನ್ನು ಹೊನ್ನಿನ ಬಣ್ಣ, ನೆತ್ತಿಯ ಹತ್ತಿರ ಕಿತ್ತಳೆಯ ಛಾಯೆ. ನನಗೆ ಬೇಕಿದ್ದದ್ದು ಆ ಬೆನ್ನಿನ ಬಣ್ಣ. ಕಾಳುಗಳನ್ನು ಅಂಗಡಿಗೆ ಒಯ್ದು, ಶೇಡ್ ಕಾರ್ಡನ್ನು ಬಾಗಿಲಿನಾಚೆಯ ಬಿಸಿಲಿನಲ್ಲಿ ಹಿಡಿದು, ಒಂದೊಂದೇ ಚೌಕದ ಮೇಲೆ ಕಾಳಿಟ್ಟು ನೋಡುತ್ತ ಹೋದೆ. ಯಾವ ಚೌಕದ ಮೇಲೆ ಕಾಳಿನ ಬೆನ್ನು ಬೆರೆತು ಕಾಣದಂತಾಯಿತೋ ಅದನ್ನು ಗುರುತಿಸಿ, ಅದಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಬಣ್ಣವನ್ನು ಮಷಿನ್ನಿನಲ್ಲಿ ಬೆರೆಸಿಕೊಡಲು ಹೇಳಿದೆ. ತಿಳಿಯಾಗಿಸಲು ಕಾರಣವಿದೆ. ನಾಲ್ಕೂ ಗೋಡೆಗಳು ಹಳದಿಯಾದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು, ಕೋಣೆಯೊಳಗಿನ ಹಳದಿ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತದೆ.

ಈ ಸಲ ಅವಸರ ಮಾಡಲಿಲ್ಲ. ಹಳೆಯ ಬಣ್ಣವನ್ನು ಉಜ್ಜಿಸಿ, ಪುಟ್ಟಿ ಎಳೆಸಿ, ಬಿಳಿ ಪ್ರೈಮರ್ ಹೊಡೆಸಿದ ಮೇಲೆ ಒಂದು ಲೀಟರಿನ ಡಬ್ಬಿ ಮಾತ್ರ ತಂದು ಮೂರು ಗೋಡೆಗಳಲ್ಲಿ ಎರಡಡಿ ಚೌಕಗಳನ್ನು ಬಳಿಸಿದೆವು. ಬೆಳಗಿನ ಏಳು ಗಂಟೆಗೆ, ನಡುಹಗಲಿಗೆ, ದೀಪ ಹಚ್ಚಿದ ಮೇಲೆ, ಹೀಗೆ ಎರಡು ದಿನ ನೋಡಿದೆವು. ಅವ್ವ ಒಪ್ಪಿದ ಮೇಲೆ ಉಳಿದ ಬಣ್ಣ ತರಿಸಿದೆ. ಸುಮಾರು 380 ಚದರಡಿ ಗೋಡೆಗೆ ಎರಡು ಕೋಟ್‌ಗೆ ನಾಲ್ಕು ಲೀಟರ್ ಹಿಡಿಯಿತು, ಆದರೂ ರೋಲರಿನ ಪಟ್ಟೆಗಳು ಕಾಣುತ್ತಿದ್ದುದರಿಂದ ಮೂರನೆಯ ಕೋಟ್ ಬೇಕಾಯಿತು. ಗಾಢ ಹಳದಿ ಬೆರೆಸಲು ಬಳಸುವ ಮೂಲ ಪೇಂಟು, ಅಂದರೆ ಬೇಸ್‌ನಲ್ಲಿ ತಳವನ್ನು ಮುಚ್ಚುವ ಬಿಳಿ ಟೈಟಾನಿಯಂ ಡೈಆಕ್ಸೈಡ್ ಕಡಿಮೆ ಇರುತ್ತದೆ. ಮೂರನೆಯ ಕೋಟಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಇಲ್ಲಿ ಬಣ್ಣದ ಹುಟ್ಟಿನ ಮಾತನ್ನೂ ಹೇಳಬೇಕು. ಹಳದಿ ಎಂದೊಡನೆ ನಮಗೆ ಅರಿಶಿನ ನೆನಪಾಗುತ್ತದೆ, ಆದರೆ ಅರಿಶಿನ ಗೋಡೆಗೆ ಆಗಿಬರುವುದಿಲ್ಲ. ಬಿಸಿಲಿಗೆ ಅದು ಬೇಗ ಬಿಳಿಚುತ್ತದೆ. ಸುಣ್ಣ ತಾಗಿದರೆ ಕೆಂಪಾಗುತ್ತದೆ, ಆರತಿಯ ಓಕುಳಿ ನೀರು ಕೆಂಪಾಗುವುದು ಹಾಗೆಯೇ. ಹಿಂದಿನವರು ಸುಣ್ಣಕ್ಕೆ ಹಳದಿ ಮಣ್ಣನ್ನು ಬೆರೆಸುತ್ತಿದ್ದುದು ಈ ಕಾರಣಕ್ಕೆ. ಆ ಮಣ್ಣಿನ ಹಳದಿ ನೀರಿನ ಅಂಶ ಹಿಡಿದ ಕಬ್ಬಿಣದ ಆಕ್ಸೈಡ್. ಬಿಸಿಲಿಗೂ ಸುಣ್ಣಕ್ಕೂ ಜಗ್ಗದು. ಅದನ್ನೇ ಸುಟ್ಟರೆ ನೀರು ಹೋಗಿ ಕೆಂಪಾಗುತ್ತದೆ. ನಮ್ಮ ನಡುಮನೆಯ ನೆಲ ರೆಡ್ ಆಕ್ಸೈಡಿನದು, ಅಜ್ಜನ ಕಾಲದ್ದು. ಹೊಸ ಹಳದಿ ಗೋಡೆಗೂ ಆ ಕೆಂಪು ನೆಲಕ್ಕೂ ಹೊಂದಿಕೆ ಬಂದುದನ್ನು ಕಂಡಾಗ, ಹಳದಿ ಮಣ್ಣೂ ಕೆಂಪು ಆಕ್ಸೈಡೂ ಒಂದೇ ಒಡಲಿನವು ಎಂಬುದು ನೆನಪಾಗಿ ಬಹಳ ಸಂತೋಷವಾಯಿತು.

ಹಳೆಯ ಹಳದಿ ಎಣ್ಣೆಬಣ್ಣದ ಬಾಗಿಲು ಕಿಟಕಿಗಳಿರುವ ಮನೆಯವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಹಿಂದೆ ಹೊಳೆಯುವ ಹಳದಿಗೆ ಸೀಸದ ಕ್ರೋಮೇಟನ್ನು ಬಳಸುತ್ತಿದ್ದರು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿದರೆ ಏಳುವ ಧೂಳು ಮಕ್ಕಳಿಗೆ ವಿಷ. ನಮ್ಮ ಕಿಟಕಿಯನ್ನು ನೀರು ಹಚ್ಚಿ ಉಜ್ಜಿಸಿದೆವು, ಅಕ್ಕನ ಮಕ್ಕಳನ್ನು ಎರಡು ದಿನ ಒಳಗೆ ಬಿಡಲಿಲ್ಲ.

ಮಾಳಿಗೆಯ ಒಳಮೈಗೆ ಅಚ್ಚ ಬಿಳಿಯ ಬದಲು ಹಾಲುಬಿಳಿ ಬಳಿಸಿದೆ, ಹಳದಿಯ ಪಕ್ಕದಲ್ಲಿ ಅಚ್ಚ ಬಿಳಿ ನೀಲಿಯಾಗಿ ಕಾಣುತ್ತದೆ. ಪಡುವಣಕ್ಕಿರುವ ಪಡಸಾಲೆಗೂ ಇದೇ ಹಳದಿ ಇರಲಿ ಎಂದು ಅವ್ವ ಕೇಳಿದಳು, ನಾನು ಬೇಡವೆಂದೆ. ಸಂಜೆ ಕೋಟೆಯ ಬಂಡೆಗಳನ್ನೇ ಹೊನ್ನಾಗಿಸುವ ಬಿಸಿಲು ಅಲ್ಲಿಗೆ ನೇರವಾಗಿ ಬೀಳುತ್ತದೆ. ಆ ಗೋಡೆಗೆ ಇನ್ನೂ ಹಳದಿ ಬಳಿದರೆ ಕಣ್ಣು ಉರಿಯುತ್ತದೆ. ಮಿಕ್ಕ ಅರ್ಧ ಲೀಟರನ್ನು ಮುಚ್ಚಳ ಬಿಗಿದು, ಶೇಡ್ ನಂಬರನ್ನೂ ತಾರೀಖನ್ನೂ ಡಬ್ಬಿಯ ಮೇಲೆ ಬರೆದು ಅಟ್ಟದ ಮೇಲಿಟ್ಟಿದ್ದೇನೆ. ಗೋಡೆಗೆ ಕಲೆಯಾದರೆ ಅಲ್ಲಷ್ಟೇ ತೇಪೆ ಹಚ್ಚಬೇಡಿ, ಮೂಲೆಯಿಂದ ಮೂಲೆಗೆ ಪೂರ್ತಿ ಎಳೆಯಿರಿ, ಇಲ್ಲದಿದ್ದರೆ ತೇಪೆ ಎದ್ದು ಕಾಣುತ್ತದೆ ಎಂದು ಪೇಂಟರು ಹೇಳಿ ಹೋಗಿದ್ದಾರೆ.